ಸೇತುವೆಯ ಈ ಕಡೆ ಶಿಸ್ತು, ಆ ಕಡೆ ಅಪರಾಧ: ಹೆತ್ತವರ ಏಟಿನ ಬಗ್ಗೆ ಕಾನೂನು ಏನು ಹೇಳುತ್ತದೆ?

ಇಂಗ್ಲೆಂಡ್‌ನ ಬ್ರಿಸ್ಟಲ್‌ನಲ್ಲಿ ತಾಯಿಯೊಬ್ಬಳು ಹಟ ಮಾಡುವ ಮಗನಿಗೆ ಒಂದೇಟು ಹಾಕಿದಳು ಎಂದುಕೊಳ್ಳಿ. ಕೇಸಾದರೆ, 'ಇದು ಮಿತವಾದ ಶಿಕ್ಷೆ' ಎಂದು ಅವಳು ಕೋರ್ಟಿನಲ್ಲಿ ವಾದಿಸಬಹುದು. ಕಾನೂನೇ ಆ ಅವಕಾಶ ಕೊಟ್ಟಿದೆ. ಅದೇ ತಾಯಿ ಕಾರು ಹತ್ತಿ, ಸೆವರ್ನ್ ನದಿಯ ಸೇತುವೆ ದಾಟಿ, ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಅದೇ ಏಟು ಹಾಕಿದರೆ ಆ ವಾದ ನಡೆಯುವುದಿಲ್ಲ. ಅಲ್ಲಿ 2022ರ ಮಾರ್ಚ್ 21ರಿಂದ ಅದು ಅಪರಾಧ. ಸ್ಕಾಟ್ಲೆಂಡ್‌ನಲ್ಲಿ 2020ರ ನವೆಂಬರ್ 7ರಿಂದಲೇ ಅಪರಾಧ. ಉತ್ತರ ಐರ್ಲೆಂಡ್ ಮಾತ್ರ ಇಂಗ್ಲೆಂಡ್‌ನ ದಾರಿಯಲ್ಲೇ ಇದೆ. ದೇಶ ಒಂದೇ, ಪಾಸ್‌ಪೋರ್ಟ್ ಒಂದೇ. ಆದರೆ ಮಗುವಿಗೆ ಸಿಗುವ ರಕ್ಷಣೆ ಊರಿನಿಂದ ಊರಿಗೆ ಬದಲಾಗುತ್ತದೆ.

2024ರ ಡಿಸೆಂಬರ್‌ನಲ್ಲಿ ಒಂದು ಕೊಲೆ ಕೇಸಿನ ತೀರ್ಪು ಬಂದ ಮೇಲೆ ಇಂಗ್ಲೆಂಡ್‌ನಲ್ಲೂ ಈ ಅವಕಾಶವನ್ನು ತೆಗೆದುಹಾಕಿ ಎಂಬ ಒತ್ತಾಯ ಜೋರಾಯಿತು. ಅಲ್ಲಿನ ಮಕ್ಕಳ ಆಯುಕ್ತೆ ರೇಚಲ್ ಡಿ ಸೋಜಾ ಬಹಿರಂಗವಾಗಿ ಕೇಳಿದರು. ಮಕ್ಕಳ ವೈದ್ಯರ ರಾಯಲ್ ಕಾಲೇಜು ಅದಕ್ಕೂ ಮೊದಲೇ, 2024ರ ಏಪ್ರಿಲ್‌ನಲ್ಲಿ, ಇದನ್ನೇ ಕೇಳಿ ವರದಿ ಕೊಟ್ಟಿತ್ತು. ಈ ಸುದ್ದಿಗಳು ಕನ್ನಡದ ಮನೆಗಳ ವಾಟ್ಸಾಪ್ ಗುಂಪುಗಳಿಗೆ ಬರುವಾಗ ಒಂದೇ ಸಾಲಿಗೆ ಇಳಿದಿರುತ್ತವೆ: 'ಅಲ್ಲಿ ಒಂದೇಟು ಹಾಕಿದ್ರೆ ಜೈಲಂತೆ, ಮಗುನ ಕಿತ್ಕೊಂಡು ಹೋಗ್ತಾರಂತೆ.' ಈ ಒಂದು ಸಾಲಿನಲ್ಲಿ ಎರಡು ಬೇರೆ ಬೇರೆ ಕಾನೂನುಗಳು ಕಲಸಿಹೋಗಿವೆ. ಒಂದೊಂದಾಗಿ ಬಿಡಿಸಿ ನೋಡೋಣ.

ಹೊಸ ಅಪರಾಧ ಹುಟ್ಟುತ್ತಿಲ್ಲ

ಇನ್ನೊಬ್ಬರ ಮೇಲೆ ಕೈ ಮಾಡುವುದು ಬ್ರಿಟನ್‌ನಲ್ಲೂ ಭಾರತದಲ್ಲೂ ಮೊದಲಿಂದ ಅಪರಾಧವೇ. ಪಕ್ಕದ ಮನೆಯವರ ಕಪಾಳಕ್ಕೆ ಬಾರಿಸಿದರೆ ಕೇಸಾಗುತ್ತದೆ. ಆಫೀಸಿನ ಸಹಾಯಕನಿಗೆ ಹೊಡೆದರೂ ಕೇಸಾಗುತ್ತದೆ. 'ಅವನಿಗೆ ಬುದ್ಧಿ ಕಲಿಸಲು ಹೊಡೆದೆ' ಎಂದರೆ ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ.

ಮಗುವಿಗೆ ಹೊಡೆದ ಹೆತ್ತವರಿಗೆ ಮಾತ್ರ ಒಂದು ರಿಯಾಯಿತಿ ಇದೆ. ಹೊಡೆದದ್ದು ನಿಜ, ಆದರೆ ಶಿಸ್ತಿಗಾಗಿ ಮಿತವಾಗಿ ಹೊಡೆದೆ ಎಂದು ತೋರಿಸಿದರೆ ಬಿಡುಗಡೆ. ಇಂಗ್ಲಿಷ್ ಕಾನೂನಿನಲ್ಲಿ ಇದರ ಹೆಸರು ರೀಸನಬಲ್ ಪನಿಶ್‌ಮೆಂಟ್. ವೇಲ್ಸ್ ಮತ್ತು ಸ್ಕಾಟ್ಲೆಂಡ್ ಮಾಡಿದ್ದು ಇಷ್ಟೇ: ಆ ರಿಯಾಯಿತಿಯನ್ನು ತೆಗೆದವು. ಹೊಸ ಶಿಕ್ಷೆ, ಹೊಸ ಜೈಲು ಅವಧಿ ಯಾವುದನ್ನೂ ಸೇರಿಸಲಿಲ್ಲ. ದೊಡ್ಡವರ ಮೇಲೆ ಕೈ ಮಾಡಿದರೆ ಅನ್ವಯಿಸುವ ಕಾನೂನೇ ಮಕ್ಕಳಿಗೂ ಅನ್ವಯಿಸುತ್ತದೆ, ಅಷ್ಟೇ. ಸ್ಕಾಟ್ಲೆಂಡ್ ತನ್ನ ಕಾಯ್ದೆಗೆ 'ಹಲ್ಲೆಯಿಂದ ಸಮಾನ ರಕ್ಷಣೆ' ಎಂಬ ಅರ್ಥದ ಹೆಸರು ಇಟ್ಟಿದ್ದೂ ಇದೇ ಕಾರಣಕ್ಕೆ.

ಇಂಥ ರಿಯಾಯಿತಿ ಒಂದು ಕಾಲದಲ್ಲಿ ಬೇರೆಯವರಿಗೂ ಇತ್ತು. ಯಜಮಾನ ಆಳಿಗೆ ಹೊಡೆಯಬಹುದಿತ್ತು. ಕಸುಬು ಕಲಿಸುವವನು ಶಿಷ್ಯನಿಗೆ ಹೊಡೆಯಬಹುದಿತ್ತು. ಅವೆಲ್ಲ ಒಂದೊಂದಾಗಿ ಹೋದವು. ಬ್ರಿಟನ್ನಿನ ಸರ್ಕಾರಿ ಶಾಲೆಗಳಲ್ಲಿ ಬೆತ್ತ ನಿಂತಿದ್ದು 1987ರಲ್ಲಿ. ಉಳಿದುಕೊಂಡಿದ್ದು ಮನೆ ಮಾತ್ರ. ಅಲ್ಲಿ ಪೆಟ್ಟು ತಿನ್ನುವವರು ಮನೆಯಲ್ಲೇ ಅತಿ ಚಿಕ್ಕವರು.

1860: ಒಂದೇ ವರ್ಷ, ಎರಡು ದೇಶ

ಈ ರಿಯಾಯಿತಿಗೆ ಕೋರ್ಟಿನ ಮುದ್ರೆ ಬಿದ್ದ ಕಥೆ ಘೋರವಾಗಿದೆ. 1860ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್‌ನ ಈಸ್ಟ್‌ಬೋರ್ನ್‌ನಲ್ಲಿ ಥಾಮಸ್ ಹಾಪ್ಲೀ ಎಂಬ ಮೇಷ್ಟ್ರು ಹದಿನೈದು ವರ್ಷದ ಹುಡುಗನೊಬ್ಬನನ್ನು ಹೊಡೆದು ಕೊಂದ. ಹೊಡೆಯಲು ಹುಡುಗನ ತಂದೆಯ ಒಪ್ಪಿಗೆ ಪತ್ರ ಅವನ ಕೈಯಲ್ಲಿತ್ತು. ಮುಖ್ಯ ನ್ಯಾಯಾಧೀಶ ಕಾಕ್‌ಬರ್ನ್ ಅವನಿಗೆ ನಾಲ್ಕು ವರ್ಷದ ಸಜೆ ವಿಧಿಸಿದರು. ಆದರೆ ಅದೇ ವಿಚಾರಣೆಯಲ್ಲಿ ಒಂದು ತತ್ವವನ್ನೂ ಹೇಳಿದರು. ತಂದೆ, ಅಥವಾ ತಂದೆ ಅಧಿಕಾರ ಕೊಟ್ಟ ಮೇಷ್ಟ್ರು, ಮಗುವನ್ನು ತಿದ್ದಲು ಮಿತವಾಗಿ ಹೊಡೆಯಬಹುದು. ಸಿಟ್ಟು ತೀರಿಸಿಕೊಳ್ಳಲು ಹೊಡೆದರೆ, ಅತಿಯಾಗಿ ಹೊಡೆದರೆ ಮಾತ್ರ ಅದು ಕಾನೂನುಬಾಹಿರ. ಒಂದು ಮಗು ಸತ್ತ ಕೇಸಿನಿಂದಲೇ 'ಮಿತವಾದ ಹೊಡೆತ' ಎಂಬ ಅನುಮತಿ ಗಟ್ಟಿಯಾಯಿತು.

ಅದೇ ವರ್ಷದ ಅಕ್ಟೋಬರ್ 6ರಂದು ನಮ್ಮ ಇಂಡಿಯನ್ ಪೀನಲ್ ಕೋಡ್ ಅಂಗೀಕಾರವಾಯಿತು. ಅದರಲ್ಲಿ 89ನೇ ಸೆಕ್ಷನ್ ಇತ್ತು. ಅದರ ಕಥೆಗೆ ಕೊನೆಯಲ್ಲಿ ಬರೋಣ. ಬ್ರಿಟಿಷರು ಹೋದ ಕಡೆಯೆಲ್ಲ ಈ ಆಲೋಚನೆ ಬೇರೆ ಬೇರೆ ರೂಪದಲ್ಲಿ ಹೋಯಿತು. ಕೆನಡಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಲ್ಲ ಕಡೆ ಇವತ್ತಿನ ಜಗಳದ ಬೇರು ಒಂದೇ.

'ಮಿತ' ಎಂದರೆ ಎಷ್ಟು?

ರಿಯಾಯಿತಿಯ ಅಸಲಿ ಸಮಸ್ಯೆ ಇಲ್ಲಿದೆ. ಗೆರೆ ಎಲ್ಲಿದೆ ಎಂದು ಹೊಡೆಯುವವರಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ.

1990ರ ದಶಕದಲ್ಲಿ ಇಂಗ್ಲೆಂಡ್‌ನ ಮಲತಂದೆಯೊಬ್ಬ ಒಂಬತ್ತು ವರ್ಷದ ಹುಡುಗನಿಗೆ ತೋಟದ ಕೋಲಿನಿಂದ ಬಾಸುಂಡೆ ಬರುವ ಹಾಗೆ ಪದೇಪದೇ ಹೊಡೆದ. 'ಮಿತವಾದ ಶಿಕ್ಷೆ' ಎಂದು ವಾದಿಸಿದ. ಜ್ಯೂರಿ ಅವನನ್ನು ಬಿಟ್ಟುಬಿಟ್ಟಿತು! ಹುಡುಗನ ಪರವಾಗಿ ಕೇಸು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. 1998ರಲ್ಲಿ ಆ ನ್ಯಾಯಾಲಯ, ಮಗುವನ್ನು ರಕ್ಷಿಸಲು ಬ್ರಿಟನ್ನಿನ ಕಾನೂನು ಸೋತಿದೆ ಎಂದು ಹೇಳಿ 10,000 ಪೌಂಡ್ ಪರಿಹಾರ ಕೊಡಿಸಿತು.

ಬ್ರಿಟನ್ ಆಗ ರಿಯಾಯಿತಿಯನ್ನು ಪೂರ್ತಿ ತೆಗೆಯಲಿಲ್ಲ, ಸ್ವಲ್ಪ ಕತ್ತರಿಸಿತು. 2004ರ ಮಕ್ಕಳ ಕಾಯ್ದೆಯ 58ನೇ ಸೆಕ್ಷನ್ ಪ್ರಕಾರ, ಗಾಯವಾಗುವ ಹಲ್ಲೆಗೆ ಈ ವಾದ ನಡೆಯುವುದಿಲ್ಲ. ಸಾಮಾನ್ಯ ಏಟಿಗೆ ಮಾತ್ರ ನಡೆಯುತ್ತದೆ. ಚರ್ಮ ಸ್ವಲ್ಪ ಹೊತ್ತು ಕೆಂಪಾಗಿ ಮಾಯವಾದರೆ ಸಾಮಾನ್ಯ ಏಟು, ಗುರುತು ಉಳಿದರೆ ಗಾಯ. ಸರ್ಕಾರಿ ವಕೀಲರ ಮಾರ್ಗಸೂಚಿಯಲ್ಲಿ ಅಳತೆ ಹೆಚ್ಚುಕಡಿಮೆ ಹೀಗಾಯಿತು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕೆಂಪಾಗುವುದು ಬಿಳಿ ಚರ್ಮದ ಮೇಲೆ ಕಾಣುತ್ತದೆ. ನಮ್ಮ ಮಕ್ಕಳ ಕಂದು, ಕಪ್ಪು ಚರ್ಮದ ಮೇಲೆ ಅದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ನೋವು ಎಲ್ಲರಿಗೂ ಒಂದೇ, ಪುರಾವೆ ಮಾತ್ರ ಬಣ್ಣದ ಮೇಲೆ ನಿಂತಿದೆ. ಮಗುವಿನ ರಕ್ಷಣೆಯನ್ನು ಅಳೆಯಲು ಇದು ಸರಿಯಾದ ಅಳತೆಯೇ ಅಲ್ಲ.

ಕೆನಡಾ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ಸುಪ್ರೀಂ ಕೋರ್ಟ್ 2004ರಲ್ಲಿ, ಈ ರಿಯಾಯಿತಿ ಕೊಡುವ 43ನೇ ಸೆಕ್ಷನ್ ಅನ್ನು ಉಳಿಸಿತು, ಆದರೆ ಷರತ್ತು ಹಾಕಿತು. ಎರಡು ವರ್ಷದೊಳಗಿನ ಕೂಸಿಗೆ ಹೊಡೆಯುವಂತಿಲ್ಲ, ಹದಿಹರೆಯದವರಿಗೂ ಹೊಡೆಯುವಂತಿಲ್ಲ. ಬೆಲ್ಟು, ಕೋಲು ಬಳಸುವಂತಿಲ್ಲ. ಮುಖ, ತಲೆ ಮುಟ್ಟುವಂತಿಲ್ಲ. ಓದಿದರೆ ಮೈ ಜುಮ್ಮೆನ್ನುತ್ತದೆ. ಯಾವ ವಯಸ್ಸಿನ ಮನುಷ್ಯನಿಗೆ, ಎಲ್ಲಿ, ಯಾವುದರಿಂದ ಹೊಡೆಯಬಹುದು ಎಂದು ಕೋರ್ಟು ಪಟ್ಟಿ ಮಾಡಬೇಕಾಗಿ ಬಂತು. ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 2019ರಲ್ಲಿ ಈ ಪಟ್ಟಿ ಮಾಡುವ ಕೆಲಸಕ್ಕೇ ಹೋಗದೆ, ರಿಯಾಯಿತಿಯೇ ಸಂವಿಧಾನಬಾಹಿರ ಎಂದಿತು.

ಈಗ ಇಂಗ್ಲೆಂಡ್‌ನ ಆ ಕೊಲೆ ಕೇಸು. 2023ರ ಆಗಸ್ಟ್‌ನಲ್ಲಿ ವೋಕಿಂಗ್‌ನ ಮನೆಯೊಂದರಲ್ಲಿ ಹತ್ತು ವರ್ಷದ ಹುಡುಗಿಯ ಶವ ಸಿಕ್ಕಿತು. ಪಾಕಿಸ್ತಾನಕ್ಕೆ ಓಡಿಹೋಗಿದ್ದ ತಂದೆ ಅಲ್ಲಿಂದ ಪೊಲೀಸರಿಗೆ ಫೋನ್ ಮಾಡಿ, ತಾನು ಅವಳಿಗೆ ಕಾನೂನುಬದ್ಧವಾಗಿ ಶಿಕ್ಷೆ ಕೊಟ್ಟೆ, ಅವಳು ಸತ್ತುಹೋದಳು ಎಂದ. ಆ ಮಾತು ದೇಶವನ್ನೇ ನಡುಗಿಸಿತು. ತಂದೆ ಮತ್ತು ಮಲತಾಯಿ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು.

ನ್ಯಾಯವಾಗಿ ಹೇಳಬೇಕೆಂದರೆ, ರಿಯಾಯಿತಿ ತೆಗೆದಿದ್ದರೆ ಆ ಹುಡುಗಿ ಬದುಕುತ್ತಿದ್ದಳು ಎಂದು ಹೇಳಲಾಗದು. ಅವಳಿಗೆ ಆದದ್ದು ಹಳೆಯ ಕಾನೂನಿನಲ್ಲೂ ಘೋರ ಅಪರಾಧವೇ. ಶಾಲೆಯವರು ಮೈಮೇಲಿನ ಗುರುತು ನೋಡಿ ವರದಿ ಮಾಡಿದ್ದರು. ಅಧಿಕಾರಿಗಳು ಕೆಲವೇ ದಿನಗಳಲ್ಲಿ ಫೈಲು ಮುಚ್ಚಿದ್ದರು. ಅದು ವ್ಯವಸ್ಥೆಯ ಸೋಲು. ಆದರೂ ಅಳತೆ ಮೀರಿದ ಹಿಂಸೆ ಒಂದೇ ದಿನಕ್ಕೆ ಶುರುವಾಗುವುದಿಲ್ಲ. ಮೊದಲ ಏಟಿನ ಸದ್ದು ಕೇಳಿದ ನೆರೆಯವರು, ಟೀಚರು 'ಅದು ಅವರ ಮನೆ ವಿಷಯ, ಕಾನೂನಲ್ಲೂ ಬಿಟ್ಟಿದ್ದಾರಲ್ವಾ' ಎಂದು ಸುಮ್ಮನಾಗಲು ಈ ರಿಯಾಯಿತಿ ಕಾರಣ ಒದಗಿಸುತ್ತದೆ.

ಬೇಡ ಎನ್ನುವವರ ಮಾತು

ನಿಷೇಧ ಬೇಡ ಎನ್ನುವವರೆಲ್ಲ ಮಕ್ಕಳ ವೈರಿಗಳಲ್ಲ. ಅವರ ವಾದಗಳಲ್ಲಿ ಕೆಲವು ಗಟ್ಟಿಯಾಗಿವೆ.

ಮೊದಲನೆಯದು, ಪೊಲೀಸರು ಮನೆಯೊಳಗೆ ಬರುತ್ತಾರೆ ಎಂಬ ಭಯ. ಬಂದಾಗ ಯಾರ ಮನೆಗೆ ಮೊದಲು ಬರುತ್ತಾರೆ? ಬಡವರ ಮನೆಗೆ, ವಲಸೆ ಬಂದವರ ಮನೆಗೆ, ಗಂಡನಿಲ್ಲದೆ ಒಬ್ಬಳೇ ಮಕ್ಕಳನ್ನು ಸಾಕುವ ತಾಯಿಯ ಮನೆಗೆ. ಗೋಡೆ ತೆಳುವಾಗಿರುವ ಮನೆಯ ಅಳು ಹೊರಗೆ ಕೇಳುತ್ತದೆ, ಬಂಗಲೆಯ ಅಳು ಕೇಳುವುದಿಲ್ಲ. ಈ ಆತಂಕವನ್ನು ತಳ್ಳಿಹಾಕಲಾಗದು.

ಎರಡನೆಯದು, ಸಂಶೋಧನೆಯ ಬಗ್ಗೆ. ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರೂ ಗ್ರೋಗನ್-ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು, ಅಂದರೆ ಸುಮಾರು 1,60,000 ಮಕ್ಕಳ ಮಾಹಿತಿಯನ್ನು, ಒಟ್ಟಿಗೆ ಇಟ್ಟು ನೋಡಿದರು. ಏಟು ಜಾಸ್ತಿ ತಿಂದ ಮಕ್ಕಳಲ್ಲಿ ಜಗಳಗಂಟತನ, ಮಾನಸಿಕ ತೊಂದರೆ, ಹೆತ್ತವರೊಂದಿಗೆ ಕೆಟ್ಟ ಸಂಬಂಧ ಇವೆಲ್ಲ ಜಾಸ್ತಿ ಕಂಡವು. ರಾಬರ್ಟ್ ಲಾರ್ಜಲೀರ್ ಅವರಂಥ ಸಂಶೋಧಕರು ಇದಕ್ಕೆ ಆಕ್ಷೇಪ ಎತ್ತುತ್ತಾರೆ: ಏಟಿನಿಂದ ಮಗು ತುಂಟವಾಯಿತೋ, ತುಂಟ ಮಗುವಿಗೆ ಏಟು ಜಾಸ್ತಿ ಬಿತ್ತೋ? ಪ್ರಶ್ನೆ ಸರಿಯಾಗಿದೆ. ಆದರೆ ಅದೇ ಅಧ್ಯಯನಗಳಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಏಟಿನಿಂದ ಮಗುವಿನ ನಡತೆ ಮುಂದಕ್ಕೆ ಸುಧಾರಿಸಿತು ಎನ್ನಲು ಅಲ್ಲಿ ಆಧಾರ ಸಿಗಲಿಲ್ಲ. ಔಷಧಿಯಿಂದ ತೊಂದರೆ ಎಷ್ಟು ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಗುಣವೇ ಕಾಣದಿದ್ದರೆ ಅದನ್ನು ಯಾಕೆ ಕೊಡಬೇಕು?

ಮೂರನೆಯದು ಜನಾಭಿಪ್ರಾಯ. ನ್ಯೂಜಿಲೆಂಡ್ 2007ರಲ್ಲಿ, ಸಂಸದೆ ಸೂ ಬ್ರಾಡ್‌ಫರ್ಡ್ ತಂದ ಮಸೂದೆಯ ಮೂಲಕ, ತನ್ನ 59ನೇ ಸೆಕ್ಷನ್‌ನ ರಿಯಾಯಿತಿಯನ್ನು ತೆಗೆಯಿತು. 2009ರಲ್ಲಿ ಜನಮತ ಕೇಳಿದಾಗ ಮತ ಹಾಕಿದವರಲ್ಲಿ 87.4% ಜನ, ಒಳ್ಳೆಯ ಉದ್ದೇಶದ ಏಟು ಅಪರಾಧವಾಗಬಾರದು ಎಂದರು. ಸರ್ಕಾರ ಕಾನೂನನ್ನು ಬದಲಿಸಲಿಲ್ಲ. ಇದು ಸರಿಯೇ ಎಂದು ಪ್ರಜಾಪ್ರಭುತ್ವವಾದಿಗಳು ಕೇಳಬಹುದು. ನನ್ನ ಉತ್ತರ ಇಷ್ಟು: ಆ ಮತದಾನದಲ್ಲಿ ಪೆಟ್ಟು ತಿನ್ನುವ ಒಬ್ಬರಿಗೂ ಮತ ಇರಲಿಲ್ಲ.

ನಿಷೇಧದ ನಂತರ ಏನಾಯಿತು?

ಜಗತ್ತಿನಲ್ಲಿ ಮೊದಲು ನಿಷೇಧಿಸಿದ್ದು ಸ್ವೀಡನ್, 1979ರಲ್ಲಿ. ಅದು ಹಿಡಿದ ಕ್ರಮವನ್ನು ಗಮನಿಸಬೇಕು. 1957ರಲ್ಲಿ ಕ್ರಿಮಿನಲ್ ಕಾನೂನಿನಿಂದ ರಿಯಾಯಿತಿ ಹೋಯಿತು. 1966ರಲ್ಲಿ ಕುಟುಂಬ ಕಾನೂನಿನಿಂದಲೂ ಹೋಯಿತು. 1979ರಲ್ಲಿ, ಮಗುವನ್ನು ಹೊಡೆಯುವಂತಿಲ್ಲ ಎಂದು ಕುಟುಂಬ ಕಾನೂನಿನಲ್ಲೇ ಬರೆದರು. ಆ ಸಾಲಿಗೆ ಪ್ರತ್ಯೇಕ ಶಿಕ್ಷೆ ಇಡಲಿಲ್ಲ. ಬದಲಿಗೆ ಮಕ್ಕಳಿರುವ ಮನೆಗಳಿಗೆಲ್ಲ ಕಿರುಪುಸ್ತಕ ಕಳಿಸಿದರು, ವಲಸಿಗರ ಭಾಷೆಗಳಲ್ಲೂ ಅಚ್ಚು ಹಾಕಿಸಿದರು. ಹಾಲಿನ ಪೊಟ್ಟಣಗಳ ಮೇಲೆ ಮಾಹಿತಿ ಛಾಪಿಸಿದರು. ಬೆಳಗಿನ ತಿಂಡಿಯ ಮೇಜಿನಲ್ಲಿ ಮಗು, ಹೆತ್ತವರು ಇಬ್ಬರೂ ಅದನ್ನು ಓದಿದರು.

ಸ್ವೀಡನ್ನಿನಲ್ಲಿ 1960ರ ದಶಕದಲ್ಲಿ ಅರ್ಧದಷ್ಟು ಜನ ಏಟು ಬೇಕು ಎನ್ನುತ್ತಿದ್ದರು. ಮುಂದಿನ ಪೀಳಿಗೆಯಲ್ಲಿ ಅಂಥವರು ಹತ್ತರಲ್ಲಿ ಒಬ್ಬರಷ್ಟಾದರು. ಇದೆಲ್ಲ ಕಾನೂನಿನಿಂದಲೇ ಆಯಿತು ಎಂದರೆ ತಪ್ಪು. ಇಳಿಕೆ 1979ಕ್ಕೆ ಮೊದಲೇ ಶುರುವಾಗಿತ್ತು. ಕಾನೂನು ಬದಲಾವಣೆಯನ್ನು ಹುಟ್ಟಿಸಲಿಲ್ಲ, ಗಟ್ಟಿ ಮಾಡಿತು.

ನ್ಯೂಜಿಲೆಂಡ್, ಏಟು ತೀರಾ ಕ್ಷುಲ್ಲಕವಾಗಿದ್ದು ಸಾರ್ವಜನಿಕ ಹಿತ ಇಲ್ಲದಿದ್ದರೆ ಪೊಲೀಸರು ಕೇಸು ಹಾಕದೆ ಬಿಡಬಹುದು ಎಂದು ಕಾಯ್ದೆಯಲ್ಲೇ ಬರೆಯಿತು. ಒಂದೇಟು ಹಾಕಿದ ಹೆತ್ತವರಿಂದ ಜೈಲು ತುಂಬುತ್ತದೆ ಎಂಬ ಭಯ ಅಲ್ಲಿ ನಿಜವಾಗಲಿಲ್ಲ. ವೇಲ್ಸ್‌ನಲ್ಲಿ ಕೋರ್ಟಿನ ಬದಲು ಪಾಲಕರಿಗೆ ಸಲಹೆ ಮತ್ತು ತರಬೇತಿ ಕೊಡುವ ದಾರಿ ಇದೆ. ಸಣ್ಣ ಪ್ರಕರಣಗಳಲ್ಲಿ ಪೊಲೀಸರೇ ಅಲ್ಲಿಗೆ ಕಳಿಸಬಹುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಕೋರ್ಟಿನ ಹೊರಗೆ ಮುಗಿದರೂ ಪೊಲೀಸ್ ದಾಖಲೆಯಲ್ಲಿ ಉಳಿಯಬಹುದು. ನರ್ಸ್, ಟೀಚರ್ ಕೆಲಸಗಳಿಗೆ ನಡೆಸುವ ವಿಸ್ತೃತ ತಪಾಸಣೆಯಲ್ಲಿ ಅದು ಕಾಣಿಸಿಕೊಳ್ಳುವ ಸಾಧ್ಯತೆ ಇದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮವರು ಇದನ್ನು ತಿಳಿದಿರಲೇಬೇಕು. ವೇಲ್ಸ್‌ನ ಕಾನೂನು ಅಲ್ಲಿಗೆ ರಜೆಗೆ ಹೋದವರಿಗೂ ಅನ್ವಯಿಸುತ್ತದೆ. 'ನಾವು ಇಂಡಿಯಾದವರು' ಎಂದರೆ ಬಿಡುವುದಿಲ್ಲ.

ಮಗುವನ್ನು ಕರೆದುಕೊಂಡು ಹೋಗುವುದು ಬೇರೆ ಕಾನೂನು

ವಾಟ್ಸಾಪ್ ಸಾಲಿನ ಎರಡನೇ ಭಾಗ ಇದು. ಮಗುವನ್ನು ಮನೆಯಿಂದ ತೆಗೆದುಕೊಂಡು ಹೋಗುವ ಅಧಿಕಾರ ಏಟಿನ ನಿಷೇಧದಿಂದ ಬರುವುದಿಲ್ಲ. ಇಂಗ್ಲೆಂಡ್‌ನಲ್ಲಿ ಏಟಿಗೆ ರಿಯಾಯಿತಿ ಇದ್ದರೂ, 1989ರ ಮಕ್ಕಳ ಕಾಯ್ದೆಯಡಿ ಸ್ಥಳೀಯ ಆಡಳಿತ ವಿಚಾರಣೆ ಮಾಡಬಹುದು. ಮಗುವಿಗೆ ಗಂಭೀರ ಹಾನಿಯಾಗುತ್ತಿದೆ ಅಥವಾ ಆಗಬಹುದು ಎಂದು ಕೋರ್ಟಿಗೆ ಮನವರಿಕೆಯಾದರೆ ಬೇರೆ ಕಡೆ ಇರಿಸಬಹುದು. ನಿಷೇಧ ಇದ್ದರೂ ಇಲ್ಲದಿದ್ದರೂ ಆ ಅಧಿಕಾರ ಹಾಗೇ ಇರುತ್ತದೆ.

ನಾರ್ವೆಯ ಎರಡು ಪ್ರಕರಣಗಳು ನಮ್ಮ ಜನರ ಮನಸ್ಸಿನಲ್ಲಿ ಒಂದಾಗಿ ಕೂತಿವೆ. 2011ರಲ್ಲಿ ಸ್ಟವಾಂಗರ್‌ನಲ್ಲಿ ಬಂಗಾಳಿ ದಂಪತಿಯ ಇಬ್ಬರು ಮಕ್ಕಳನ್ನು ಮಕ್ಕಳ ಕಲ್ಯಾಣ ಇಲಾಖೆ ವಶಕ್ಕೆ ಪಡೆದಾಗ ಜಗಳ ಇದ್ದದ್ದು ಸಾಕುವ ರೀತಿಯ ಬಗ್ಗೆ. 2012ರ ಡಿಸೆಂಬರ್‌ನಲ್ಲಿ ಓಸ್ಲೋ ಕೋರ್ಟು ಆಂಧ್ರ ಮೂಲದ ದಂಪತಿಗೆ ಜೈಲು ವಿಧಿಸಿದ್ದು ಮಗುವಿನ ಮೇಲೆ ಪದೇಪದೇ ನಡೆದ ಹಿಂಸೆಯ ಆರೋಪಕ್ಕೆ. ಮೊದಲನೆಯದರಲ್ಲಿ ಅಧಿಕಾರಿಗಳಿಗೆ ನಮ್ಮ ಮನೆಗಳ ರೀತಿನೀತಿ ಗೊತ್ತಿಲ್ಲ ಎಂಬ ದೂರಿಗೆ ತೂಕ ಇದೆ. ಎರಡನೆಯದಕ್ಕೆ ಸಂಸ್ಕೃತಿಯ ಹೆಸರು ಹೇಳಿ ರಕ್ಷಣೆ ಕೇಳುವುದು ನ್ಯಾಯವಲ್ಲ.

ನಮ್ಮ ಕಾನೂನಿನಲ್ಲಿ ಏನಿದೆ?

ಭಾರತದಲ್ಲಿ ಶಾಲೆಗೆ ಒಂದು ಕಾನೂನು, ಮನೆಗೆ ಇನ್ನೊಂದು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮನೆಗೆ ಅಂಥ ಸಾಲು ಎಲ್ಲೂ ಇಲ್ಲ.

ಮನೆಗೆ ಇರುವುದು ಹಳೆಯ 89ನೇ ಸೆಕ್ಷನ್. ಅದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 27ನೇ ಸೆಕ್ಷನ್ ಆಗಿದೆ. 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ, ಒಳ್ಳೆಯ ಉದ್ದೇಶದಿಂದ, ಪೋಷಕರು ಅಥವಾ ಅವರ ಒಪ್ಪಿಗೆ ಪಡೆದವರು ಮಾಡಿದ ಕೆಲಸದಿಂದ ಹಾನಿಯಾದರೆ ಅದು ಅಪರಾಧವಲ್ಲ ಎಂಬುದು ಅದರ ಸಾರ. ಸಾವು, ಘೋರ ಗಾಯಗಳಿಗೆ ಈ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ. ಈ ಸೆಕ್ಷನ್ ಜೊತೆ ಕೊಟ್ಟಿರುವ ಉದಾಹರಣೆ ನೋಡಿ: ಮಗುವಿಗೆ ಕಲ್ಲಿನ ತೊಂದರೆ ಇದೆ, ತಂದೆ ಅದರ ಒಪ್ಪಿಗೆ ಕೇಳದೆ ವೈದ್ಯರಿಂದ ಆಪರೇಷನ್ ಮಾಡಿಸುತ್ತಾನೆ. ಅದು ಚಿಕಿತ್ಸೆಯ ಮಾತು, ಹೊಡೆತದ ಸುದ್ದಿಯೇ ಇಲ್ಲ. ಆದರೂ ಶಿಸ್ತಿನ ಏಟಿಗೂ ಇದೇ ಸೆಕ್ಷನ್ನಿನ ನೆರಳು ಸಿಗುತ್ತಾ ಬಂದಿದೆ. ವಸಾಹತು ಕಾಲದ ಕಾನೂನನ್ನು ಬದಲಿಸುತ್ತೇವೆ ಎಂದು ಹೇಳಿ ತಂದ ಸಂಹಿತೆಯಲ್ಲಿ ಈ ಸಾಲು ಹೆಚ್ಚುಕಡಿಮೆ ಹಾಗೆಯೇ ಉಳಿದದ್ದು ದೊಡ್ಡ ಅವಕಾಶ ಕೈತಪ್ಪಿದಂತೆ.

2015ರ ಬಾಲನ್ಯಾಯ ಕಾಯ್ದೆ ಇದೆಯಲ್ಲ ಎಂದು ಕೇಳಬಹುದು. ಆ ಕಾಯ್ದೆ ದೈಹಿಕ ಶಿಕ್ಷೆಯನ್ನು ವಿವರಿಸುವಾಗ, ಯಾರೇ ಕೊಟ್ಟರೂ ಅದು ದೈಹಿಕ ಶಿಕ್ಷೆಯೇ ಎನ್ನುತ್ತದೆ. ಅದಕ್ಕೆ ದಂಡ ಹಾಕುವ 82ನೇ ಸೆಕ್ಷನ್ ಮಾತ್ರ ಮಕ್ಕಳ ಪಾಲನಾ ಸಂಸ್ಥೆಗಳಿಗೆ ಸೀಮಿತ. 75ನೇ ಸೆಕ್ಷನ್ ಹೆತ್ತವರಿಗೂ ಅನ್ವಯಿಸಬಲ್ಲದು, ಮೂರು ವರ್ಷದವರೆಗೆ ಜೈಲು ಇದೆ. ಆದರೆ ಅಲ್ಲಿ 'ಅನಗತ್ಯ' ನೋವು ಆಗುವಂತಿರಬೇಕು. ಅಂದರೆ ಅಗತ್ಯವಾದ ನೋವು ಎಂಬುದೊಂದು ಇದೆ ಎಂದಾಯಿತು. 1860ರ ಗೊಂದಲಕ್ಕೇ ಮತ್ತೆ ಬಂದು ನಿಂತೆವು. ಕೇಂದ್ರ ಸರ್ಕಾರದ 2007ರ ಅಧ್ಯಯನದಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಕುಟುಂಬದೊಳಗೆ ಹೊಡೆದವರಲ್ಲಿ ಬಹುಪಾಲು ಹೆತ್ತವರೇ. ನೆರೆಯ ನೇಪಾಳ 2018ರಲ್ಲೇ ಮನೆಯನ್ನೂ ಸೇರಿಸಿ ನಿಷೇಧಿಸಿತು, ದಕ್ಷಿಣ ಏಷ್ಯಾದಲ್ಲಿ ಮೊದಲಿಗೆ. ಜಗತ್ತಿನಲ್ಲಿ ಈಗ 65ಕ್ಕೂ ಹೆಚ್ಚು ದೇಶಗಳು ಆ ಪಟ್ಟಿಯಲ್ಲಿವೆ.

ಮುಂದೇನು?

ಇಂಗ್ಲೆಂಡ್ ಸರ್ಕಾರ ವೇಲ್ಸ್‌ನ ಅನುಭವ ನೋಡಿ ನಿರ್ಧರಿಸುತ್ತೇವೆ ಎನ್ನುತ್ತಾ ಬಂದಿದೆ. ಅಲ್ಲಿ ರಿಯಾಯಿತಿ ಹೋದರೆ ನಮ್ಮ 27ನೇ ಸೆಕ್ಷನ್ ತಾನಾಗಿ ಬದಲಾಗುವುದಿಲ್ಲ. ಆದರೆ ಇದನ್ನು ಕೊಟ್ಟವರೇ ಬಿಟ್ಟ ಮೇಲೂ ನಾವು ಯಾಕೆ ಇಟ್ಟುಕೊಂಡಿದ್ದೇವೆ ಎಂಬ ಪ್ರಶ್ನೆ ಇಲ್ಲಿನ ಕೋರ್ಟುಗಳಿಗೂ ಬರುತ್ತದೆ.

ಭಾರತದಲ್ಲಿ ನಾಳೆಯೇ ಏಟಿಗೆ ಎಫ್‌ಐಆರ್ ಎಂದರೆ ನಾನು ಒಪ್ಪುವುದಿಲ್ಲ. ಕೂಲಿ ಮುಗಿಸಿ ಬಂದು ಸುಸ್ತಿನಲ್ಲಿ ಕೈ ಎತ್ತಿದ ತಾಯಿಯನ್ನು ಠಾಣೆಗೆ ಕರೆಸಿದರೆ ಮಗುವಿಗೆ ಒಳ್ಳೆಯದಾಗುವುದಿಲ್ಲ. ವಿಚ್ಛೇದನದ ಜಗಳಗಳಲ್ಲಿ ಇದೇ ಆಯುಧವಾಗುವ ಅಪಾಯವೂ ಇದೆ. ಚಿಕ್ಕ ಹೆಜ್ಜೆಯಿಂದ ಶುರು ಮಾಡಬಹುದು. 27ನೇ ಸೆಕ್ಷನ್‌ಗೆ ಒಂದು ವಿವರಣೆ ಸೇರಿಸಿದರೆ ಸಾಕು: ಮಗುವಿನ ಒಳಿತು ಎಂಬುದರಲ್ಲಿ ಚಿಕಿತ್ಸೆ ಸೇರುತ್ತದೆ, ಶಿಕ್ಷೆಯಾಗಿ ಕೊಡುವ ಹೊಡೆತ ಸೇರುವುದಿಲ್ಲ. ತೀರಾ ಸಣ್ಣ ವಿಷಯಗಳಿಗೆ ಕೇಸು ಬೇಡ ಎನ್ನಲು ಅದೇ ಸಂಹಿತೆಯಲ್ಲಿ 33ನೇ ಸೆಕ್ಷನ್ ಈಗಾಗಲೇ ಇದೆ. ಜೊತೆಗೆ ಅಂಗನವಾಡಿಯಲ್ಲಿ, ತಾಯಂದಿರ ಸಭೆಯಲ್ಲಿ, ಲಸಿಕೆಗೆ ಬಂದ ದಿನ, ಹೊಡೆಯದೆ ಸಂಭಾಳಿಸುವುದು ಹೇಗೆ ಎಂದು ಹೇಳಿಕೊಡುವವರು ಬೇಕು. ಕಾನೂನು ಮೊದಲೋ ಕಲಿಕೆ ಮೊದಲೋ ಎಂಬ ಜಗಳ ಬೇಡ. ಸ್ವೀಡನ್ ಎರಡನ್ನೂ ಒಟ್ಟಿಗೆ ಮಾಡಿತು.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಮಕ್ಕಳು ಶಾಲೆಯ ಶೌಚಾಲಯ, ಬಸ್ಸು, ಕಾಂಪೌಂಡಿನ ಬಗ್ಗೆ ಧೈರ್ಯವಾಗಿ ಕೇಳುತ್ತಾರೆ. ಮೇಷ್ಟ್ರು ಹೊಡೆಯುತ್ತಾರೆ ಎಂದು ಮಗುವೊಂದು ಅಲ್ಲಿ ಹೇಳಿದರೆ, ಅಧಿಕಾರಿಯ ಕೈಯಲ್ಲಿ 17ನೇ ಸೆಕ್ಷನ್ ಇದೆ. ಅಪ್ಪ ಹೊಡೆಯುತ್ತಾರೆ ಎಂದರೆ, ಎಷ್ಟು ಜೋರಾಗಿ, ಎಲ್ಲಿಗೆ, ಗುರುತು ಉಳಿದಿದೆಯಾ ಎಂದು ಆ ಮಗುವನ್ನೇ ಕೇಳಬೇಕಾದ ಸ್ಥಿತಿಯಲ್ಲಿ ಇವತ್ತಿನ ಕಾನೂನು ಅವರನ್ನು ಇಟ್ಟಿದೆ.